ಶಾಲೆ ಮುಚ್ಚಿದ್ದಾಗ ಮೌಲ್ಯಮಾಪನ ಕಲಿಯುವ ಮೂರು ದಾರಿ: ವೆಬಿನಾರ್, ಪ್ರಶ್ನೆ ವಿಶ್ಲೇಷಣೆ, ಜೋಡಿ ಮೌಲ್ಯಮಾಪನ

ತರಗತಿ ನಡೆಯುವಾಗ ಭಾಷಾ ಶಿಕ್ಷಕರ ಅರ್ಧ ಮೌಲ್ಯಮಾಪನ ಕಣ್ಣಲ್ಲೇ ಮುಗಿದಿರುತ್ತದೆ. ಯಾರು ತಡವರಿಸಿದರು, ಯಾರು ಪಕ್ಕದವರ ಪುಸ್ತಕ ಇಣುಕಿದರು, ಸಾಮೂಹಿಕ ಓದಿನಲ್ಲಿ ಯಾರ ತುಟಿ ಮಾತ್ರ ಆಡಿತು ಎಂಬುದೆಲ್ಲ ಬರೆದಿಡದೆಯೇ ಗೊತ್ತಾಗುತ್ತದೆ. 2020ರಲ್ಲಿ ಶಾಲೆಗಳು ಮುಚ್ಚಿದಾಗ ಈ ಕಣ್ಣಂದಾಜು ಕೈಕೊಟ್ಟಿತು. ಬದಲಿಗೆ ಫೈಲುಗಳು ಬಂದವು: ಉತ್ತರದ ಫೋಟೊ, ವಾಯ್ಸ್ ಮೆಸೇಜು, ಫಾರ್ಮ್‌ನಲ್ಲಿ ತುಂಬಿದ ಉತ್ತರ. ಫೈಲನ್ನು ಎರಡನೇ ಸಲ ನೋಡಬಹುದು, ಇನ್ನೊಬ್ಬರಿಗೂ ತೋರಿಸಬಹುದು. ಅಂಕ ಕೊಡುವ ಕೈ ಪಳಗುವುದು ನಾವು ಕೊಟ್ಟ ಅಂಕವನ್ನು ಬೇರೊಂದಕ್ಕೆ ಒರೆ ಹಚ್ಚಿದಾಗಲೇ. ಕೆಳಗಿನ ಮೂರು ದಾರಿಗಳನ್ನು ಬಳಸಿ ನೋಡಿ ತೂಗಿರುವುದೂ ಈ ಒಂದೇ ಲೆಕ್ಕದಲ್ಲಿ.

ವೆಬಿನಾರ್ ಮತ್ತು ಆನ್‌ಲೈನ್ ಕೋರ್ಸ್

ಪರಿಭಾಷೆ ಕಲಿಯಲು ಸಾಕು, ಕೈ ಪಳಗಲು ಸಾಲದು. ರೂಪಣಾತ್ಮಕ (ಕಲಿಕೆಯ ನಡುವೆ ಮಾಡುವುದು), ಸಂಕಲನಾತ್ಮಕ (ಕೊನೆಯಲ್ಲಿ ಮಾಡುವುದು), ಸಪ್ರಮಾಣತೆ (ಅಳೆಯಬೇಕಾದ್ದನ್ನೇ ಅಳೆಯುವುದು), ವಿಶ್ವಸನೀಯತೆ (ಮತ್ತೆ ಅಳೆದರೂ ಅಂಕ ಬದಲಾಗದಿರುವುದು) ಎಲ್ಲವೂ ಒಂದು ಗಂಟೆಯಲ್ಲಿ ಕಿವಿಗೆ ಬೀಳುತ್ತವೆ. ಕೊನೆಗೆ ಹತ್ತು ಬಹು ಆಯ್ಕೆ ಪ್ರಶ್ನೆ, ಒಂದು ಸರ್ಟಿಫಿಕೇಟ್. ನೀವು ಕೊಟ್ಟ ಅಂಕವನ್ನು ಅಲ್ಲಿ ಯಾರೂ ನೋಡುವುದಿಲ್ಲ. ಕೋರ್ಸ್ ಆರಿಸಲೇಬೇಕಾದರೆ ಒಂದೇ ಪ್ರಶ್ನೆ ಕೇಳಿ: ನಿಜವಾದ ಉತ್ತರಪತ್ರಿಕೆಗೆ ಅಂಕ ಹಾಕಿಸಿ, ಅದರ ಬಗ್ಗೆ ಪ್ರತಿಕ್ರಿಯೆ ಕೊಡುತ್ತಾರೆಯೇ? ಇಲ್ಲವಾದರೆ ರೆಕಾರ್ಡಿಂಗ್ ನೋಡಿದರೂ ನಷ್ಟವಿಲ್ಲ.

ಒಂದು ಚಟುವಟಿಕೆಯನ್ನು ಮಾತ್ರ ಕೋರ್ಸಿನ ಹೊರಗೂ ಇಟ್ಟುಕೊಳ್ಳಬಹುದು. ಯುರೋಪಿನ ಭಾಷಾ ಚೌಕಟ್ಟು ಎ1ರಿಂದ ಸಿ2ವರೆಗೆ ಆರು ಹಂತಗಳಿಗೆ ‘ಇಷ್ಟು ಮಾಡಬಲ್ಲರು’ ಎಂಬ ವಿವರಣೆಗಳನ್ನು ಕೊಡುತ್ತದೆ. ಹಂತದ ಹೆಸರು ಅಳಿಸಿ, ವಿವರಣೆಗಳನ್ನು ಚೀಟಿಗಳಲ್ಲಿ ಬರೆದು ಕಲಸಿ, ಮತ್ತೆ ಆರು ಗುಂಪು ಮಾಡಿ. ಎರಡು ಹಂತ ಮೇಲೆ ಕೆಳಗೆ ಹೋದ ಚೀಟಿಗಳೇ ನಿಮ್ಮ ಅಂದಾಜು ಎಲ್ಲಿ ಸಡಿಲ ಎಂದು ಹೇಳುತ್ತವೆ.

ಪ್ರಶ್ನೆ ವಿಶ್ಲೇಷಣೆ

ಗೂಗಲ್ ಫಾರ್ಮ್‌ನ ಕ್ವಿಜ್ ಉತ್ತರಗಳನ್ನು ಶೀಟ್‌ಗೆ ಇಳಿಸಿಕೊಂಡರೆ ಪ್ರಶ್ನೆಪತ್ರಿಕೆಯ ಹುಳುಕು ತಾನಾಗಿ ಕಾಣುತ್ತದೆ. ಲೆಕ್ಕ ಎರಡೇ. ಸುಲಭತೆ: ಸರಿ ಉತ್ತರ ಕೊಟ್ಟವರ ಸಂಖ್ಯೆ ಭಾಗಿಸು ಒಟ್ಟು ಮಕ್ಕಳು. ಭೇದಶಕ್ತಿ (ಮುಂದಿರುವವರನ್ನೂ ಹಿಂದುಳಿದವರನ್ನೂ ಪ್ರಶ್ನೆ ಎಷ್ಟು ಬೇರ್ಪಡಿಸುತ್ತದೆ ಎಂಬುದು): ಒಟ್ಟು ಅಂಕದ ಪ್ರಕಾರ ಸಾಲು ಮಾಡಿ, ಮೇಲಿನ ಮೂರನೇ ಒಂದು ಭಾಗದಲ್ಲಿ ಸರಿ ಬರೆದವರಿಂದ ಕೆಳಗಿನ ಮೂರನೇ ಒಂದು ಭಾಗದಲ್ಲಿ ಸರಿ ಬರೆದವರನ್ನು ಕಳೆದು, ಒಂದು ಗುಂಪಿನ ಸಂಖ್ಯೆಯಿಂದ ಭಾಗಿಸಿ. 30 ಮಕ್ಕಳಿದ್ದು ಮೇಲಿನ 10ರಲ್ಲಿ 8, ಕೆಳಗಿನ 10ರಲ್ಲಿ 3 ಮಂದಿ ಸರಿ ಬರೆದಿದ್ದರೆ 0.5, ಒಳ್ಳೆಯ ಪ್ರಶ್ನೆ. 0.2ಕ್ಕಿಂತ ಕಡಿಮೆಯಿದ್ದರೆ ಪ್ರಶ್ನೆಯನ್ನು ಮತ್ತೆ ಓದಿ. ಋಣ ಸಂಖ್ಯೆ ಬಂದರೆ ಮೊದಲು ಕೀ ಉತ್ತರವನ್ನೇ ಅನುಮಾನಿಸಿ.

ಉದಾಹರಣೆಗೆ ಈ ಪ್ರಶ್ನೆ: ‘ಅವನು ಶಾಲೆ___ ಹೋದನು.’ ಆಯ್ಕೆಗಳು: ಗೆ, ಯಿಂದ, ಯನ್ನು, ಯಲ್ಲಿ. ಕೀ ‘ಗೆ’. ಆದರೆ ‘ಶಾಲೆಯಿಂದ ಹೋದನು’ ಎಂಬುದರಲ್ಲಿ ತಪ್ಪೇನಿದೆ? ಯೋಚಿಸುವ ಮಗು ಅಲ್ಲಿ ನಿಲ್ಲುತ್ತದೆ, ರೂಢಿಯ ಮೇಲೆ ಒತ್ತುವ ಮಗು ಅಂಕ ಪಡೆಯುತ್ತದೆ, ಭೇದಶಕ್ತಿ ಕುಸಿಯುತ್ತದೆ. ‘ಅವನು ದಿನವೂ ಮನೆಯಿಂದ ಶಾಲೆ___ ನಡೆದು ಹೋಗುತ್ತಾನೆ’ ಎಂದು ತಿದ್ದಿದರೆ ಎರಡನೇ ಬಾಗಿಲು ಮುಚ್ಚುತ್ತದೆ. ಗದ್ಯಭಾಗದ ಪ್ರಶ್ನೆಗಳಿಗೆ ಇನ್ನೂ ಅಗ್ಗದ ಪರೀಕ್ಷೆಯಿದೆ: ಗದ್ಯ ಕೊಡದೆ ಪ್ರಶ್ನೆಗಳನ್ನಷ್ಟೇ ಸಹೋದ್ಯೋಗಿಗೆ ಕಳಿಸಿ. ಅವರು ಸರಿ ಉತ್ತರ ಕೊಟ್ಟರೆ ಆ ಪ್ರಶ್ನೆ ಓದನ್ನು ಅಳೆಯುತ್ತಿಲ್ಲ.

ಕೈಕೊಡುವ ಜಾಗಗಳೂ ಇವೆ. ಚಿಕ್ಕ ಉತ್ತರದ ಪ್ರಶ್ನೆಯಲ್ಲಿ ಒಬ್ಬರು ‘ಕಾರ್ಯ’ ಎಂದು ಅರ್ಕಾವೊತ್ತಿನಲ್ಲಿ, ಇನ್ನೊಬ್ಬರು ‘ಕಾರ‍್ಯ’ ಎಂದು ಯಕಾರದ ಒತ್ತಿನಲ್ಲಿ ಟೈಪ್ ಮಾಡಿದರೆ ಓದುವವರಿಗೆ ಎರಡೂ ಸರಿ. ಫಾರ್ಮ್ ಮಾತ್ರ ಕೀಯಲ್ಲಿ ಇರುವುದಕ್ಕೇ ಅಂಕ ಕೊಡುತ್ತದೆ. ಒಪ್ಪುವ ರೂಪಗಳನ್ನೆಲ್ಲ ಕೀಯಲ್ಲಿ ಸೇರಿಸಿ, ಉಳಿದವನ್ನು ಕಣ್ಣಾರೆ ನೋಡಿ. ಕಾಗುಣಿತವನ್ನಂತೂ ಟೈಪ್ ಮಾಡಿಸಿ ಪರೀಕ್ಷಿಸಬೇಡಿ, ಪದ ಸೂಚಿಸುವ ಕೀಬೋರ್ಡ್ ಪರೀಕ್ಷೆ ಬರೆದುಬಿಡುತ್ತದೆ. ಉತ್ತರ ಗ್ರೂಪಿನಲ್ಲಿ ಹರಿದಾಡಿದ ದಿನ ಸುಲಭತೆ 0.9 ದಾಟಿ ಭೇದಶಕ್ತಿ ಸೊನ್ನೆಯ ಹತ್ತಿರ ಬರುತ್ತದೆ; ಅದನ್ನು ಕಲಿಕೆ ಎಂದುಕೊಳ್ಳಬೇಡಿ. ಮಕ್ಕಳು ಕಡಿಮೆಯಿದ್ದಷ್ಟೂ ಈ ಸಂಖ್ಯೆಗಳು ಅಲುಗುತ್ತವೆ. 12 ಮಂದಿಯ ತರಗತಿಯಲ್ಲಿ ಒಬ್ಬರ ಉತ್ತರ ಬದಲಾದರೂ ಭೇದಶಕ್ತಿ 0.25 ಜಿಗಿಯಬಹುದು.

ಜೋಡಿ ಮೌಲ್ಯಮಾಪನ

ಬರವಣಿಗೆಗೆ ಮತ್ತು ಮಾತಿಗೆ ಇದರಷ್ಟು ಕಲಿಸುವ ದಾರಿ ಬೇರೊಂದಿಲ್ಲ. ಬೇಕಾದದ್ದು ಇಬ್ಬರು ಶಿಕ್ಷಕರು, 10–12 ಉತ್ತರಪತ್ರಿಕೆಗಳ ಫೋಟೊ, ಒಂದು ರೂಬ್ರಿಕ್ (ಯಾವುದಕ್ಕೆ ಎಷ್ಟು ಅಂಕ ಎಂದು ಬರೆದಿಟ್ಟ ಮಾನದಂಡಗಳ ಪಟ್ಟಿ). ಹೆಸರು ಕತ್ತರಿಸಿ ಸಂಖ್ಯೆ ಕೊಡಿ. ವಿಷಯ, ಜೋಡಣೆ, ಪದಸಂಪತ್ತು, ವ್ಯಾಕರಣ–ಕಾಗುಣಿತ: ತಲಾ 0ರಿಂದ 4. ಇಬ್ಬರೂ ಬೇರೆ ಬೇರೆ ಶೀಟ್‌ನಲ್ಲಿ ಮಾತಾಡದೆ ಅಂಕ ತುಂಬಿ, ಆಮೇಲೆ ಕರೆಯಲ್ಲಿ ಒಟ್ಟಿಗೇ ತೆರೆಯಿರಿ. ಒಂದು ಅಂಕದ ವ್ಯತ್ಯಾಸ ಬಿಡಿ. ಎರಡು ಅಥವಾ ಹೆಚ್ಚಿರುವಲ್ಲಿ ಮಾತ್ರ ಚರ್ಚೆ. ಒಮ್ಮತಕ್ಕೆ ಬಂದ ಮೂರು ಪತ್ರಿಕೆಗಳನ್ನು (ಮೇಲಿನದು, ನಡುವಿನದು, ಕೆಳಗಿನದು) ಮಾದರಿಯಾಗಿ ಎತ್ತಿಟ್ಟು, ಮುಂದಿನ ಕಂತು ಶುರು ಮಾಡುವ ಮುನ್ನ ಓದಿಕೊಳ್ಳಿ.

ಜಗಳ ಹುಟ್ಟುವ ಜಾಗಗಳು ಬಹುತೇಕ ಇವೇ. ‘ಹೋಗ್ತಾನೆ’ ಎಂಬ ಆಡುರೂಪಕ್ಕೆ ಒಬ್ಬರು ಅಂಕ ಕಡಿಯುತ್ತಾರೆ, ಇನ್ನೊಬ್ಬರು ಬಿಡುತ್ತಾರೆ. ಒಂದೇ ತಪ್ಪು ಐದು ಸಲ ಬಂದರೆ ಒಂದೋ ಐದೋ? ಕಾಗುಣಿತದ ತಪ್ಪಿಗೆ ಪದಸಂಪತ್ತಿನಲ್ಲೂ ಅಂಕ ಹೋಗುವುದು ಸರಿಯೇ? ತೀರ್ಮಾನ ಯಾವುದಾದರೂ ಆಗಲಿ, ರೂಬ್ರಿಕ್‌ನಲ್ಲಿ ಬರೆದಿಡಿ. ‘ಉತ್ತಮ ಜೋಡಣೆ’ ಎಂಬ ಸಾಲು ಯಾರಿಗೂ ಏನೂ ಹೇಳುವುದಿಲ್ಲ. ‘ಆದರೆ, ಆದ್ದರಿಂದ ಮುಂತಾದವು ಬೇಕಾದಲ್ಲಿ ಬಂದಿವೆ, ಎಲ್ಲವನ್ನೂ ಆಮೇಲೆ ಆಮೇಲೆ ಎಂದು ಕಟ್ಟಿಲ್ಲ’ ಎಂದರೆ ಇಬ್ಬರೂ ಒಂದೇ ಕಡೆ ನೋಡುತ್ತಾರೆ.

ಶೇಕಡಾ ಒಮ್ಮತವನ್ನು ಪೂರ್ತಿ ನಂಬಬೇಡಿ. ಇಬ್ಬರೂ ಎಲ್ಲರಿಗೂ 3 ಕೊಡುವ ಸ್ವಭಾವದವರಾದರೆ ಒಮ್ಮತ ಪುಕ್ಕಟೆ ಬರುತ್ತದೆ. ಕೋಹೆನ್ ಕಪ್ಪಾ ಎಂಬ ಸೂತ್ರ ಆ ಪುಕ್ಕಟೆ ಪಾಲನ್ನು ಕಳೆಯುತ್ತದೆ: 20ರಲ್ಲಿ 14 ಕಡೆ ಅಂಕ ಒಂದೇ ಆದರೆ ಒಮ್ಮತ 0.70, ಆಕಸ್ಮಿಕವಾಗಿ ಬರಬಹುದಾದದ್ದು 0.40 ಎಂದಿದ್ದರೆ (0.70−0.40)÷(1−0.40) = 0.50. ನೋಡಲು ಚೆನ್ನಾಗಿದ್ದ ಸಂಖ್ಯೆ ಸಾಧಾರಣವಾಯಿತು.

ಹಿರಿಯ ಶಿಕ್ಷಕರು ಮೊದಲು ಬಾಯಿ ಬಿಟ್ಟರೆ ಕಿರಿಯರ ಅಂಕ ಅತ್ತ ಜಾರುತ್ತದೆ, ಆದ್ದರಿಂದ ಕಿರಿಯರೇ ಮೊದಲು ಕಾರಣ ಹೇಳಲಿ. ಮಬ್ಬು ಫೋಟೊಗೆ ಗೊತ್ತಿಲ್ಲದೆಯೇ ಅಂಕ ಕಡಿಮೆ ಬೀಳುತ್ತದೆ, ಚೆಂದದ ಅಕ್ಷರಕ್ಕೆ ಹೆಚ್ಚು. ಒಂದು ಪತ್ರಿಕೆಯ ನಾಲ್ಕೂ ಮಾನದಂಡ ಮುಗಿಸುವ ಬದಲು ಎಲ್ಲ ಪತ್ರಿಕೆಗಳ ‘ವಿಷಯ’ ಮುಗಿಸಿ, ಕ್ರಮ ಬದಲಿಸಿ ‘ಜೋಡಣೆ’ಗೆ ಹೋದರೆ ಈ ಪ್ರಭಾವ ತಗ್ಗುತ್ತದೆ.

ಮಾತಿನ ಮೌಲ್ಯಮಾಪನಕ್ಕೆ ವಾಯ್ಸ್ ಮೆಸೇಜ್ ಅನುಕೂಲ, ಎರಡು ಸಲ ಕೇಳಬಹುದು. ಆದರೆ ಬರೆದುಕೊಂಡು ಓದಿದ್ದೂ ಅದರಲ್ಲಿ ಮಾತಾಗಿಯೇ ಬರುತ್ತದೆ. ತಡವರಿಕೆ ಇಲ್ಲ, ತಿದ್ದಿಕೊಳ್ಳುವಿಕೆ ಇಲ್ಲ, ವಾಕ್ಯಗಳೆಲ್ಲ ಗ್ರಾಂಥಿಕ ಎನಿಸಿದರೆ ಮೂರು ನಿಮಿಷ ಕರೆ ಮಾಡಿ ಅದೇ ವಿಷಯದ ಮೇಲೆ ಎರಡು ಹೊಸ ಪ್ರಶ್ನೆ ಕೇಳಿ. ಕರೆಯಲ್ಲಿ ಕೇಳಿದ ಉಚ್ಚಾರಣೆಗಂತೂ ಅಂಕ ಹಾಕಬೇಡಿ. ಸಾಂಪ್ರದಾಯಿಕ ಫೋನ್ ಲೈನ್ ಸುಮಾರು 300ರಿಂದ 3,400 ಹರ್ಟ್ಜ್ ಧ್ವನಿಯನ್ನಷ್ಟೇ ಸಾಗಿಸುತ್ತದೆ, ಸಕಾರದ ಶಕ್ತಿ ಬಹುಪಾಲು ಅದಕ್ಕಿಂತ ಮೇಲಿದೆ. ‘ಸ’ ಮತ್ತು ‘ಶ’ ಕಲಸಿದ್ದು ಮಗುವೋ ಲೈನೋ ತಿಳಿಯುವುದಿಲ್ಲ.

ಯಾರಿಗೆ ಯಾವುದು

ವ್ಯಾಕರಣ ಮತ್ತು ಓದಿನ ಪ್ರಶ್ನೆಗಳನ್ನು ಹೆಚ್ಚು ಬರೆಯುವವರು ವಿಶ್ಲೇಷಣೆಯಿಂದ ಶುರು ಮಾಡಲಿ, ಪ್ರಬಂಧ ಮತ್ತು ಮಾತಿಗೆ ಅಂಕ ಕೊಡುವವರು ಜೋಡಿಯಿಂದ. ಎರಡು ಪತ್ರಿಕೆ ಪಕ್ಕಪಕ್ಕ ಇಟ್ಟು ‘ಯಾವುದು ಮೇಲು’ ಎಂದಷ್ಟೇ ಹೇಳುವ ತುಲನಾತ್ಮಕ ತೀರ್ಪಿನ ವಿಧಾನವೂ ಇದೆ. ಶ್ರೇಣಿ ಕಟ್ಟಲು ಚೆನ್ನ, ಆದರೆ 30 ಪತ್ರಿಕೆಗಳನ್ನು ತಲಾ 10 ಸಲ ನೋಡಬೇಕೆಂದರೆ 150 ತೀರ್ಪು ಬೇಕು, ಏಕೆ ಮೇಲು ಎಂಬ ಕಾರಣವೂ ದಾಖಲಾಗುವುದಿಲ್ಲ.

ಜೊತೆಗಾರರು ಸಿಗದಿದ್ದರೆ ಜೋಡಿಯ ಇನ್ನೊಂದು ತುದಿಗೆ ನೀವೇ ನಿಲ್ಲಬಹುದು. ಅಂಕಗಳನ್ನು ಪತ್ರಿಕೆಯ ಮೇಲೆ ಬರೆಯದೆ ಬೇರೆ ಶೀಟ್‌ನಲ್ಲಿ ಇಟ್ಟು ಮುಚ್ಚಿ, ಎರಡು ವಾರ ಬಿಟ್ಟು ಕ್ರಮ ಬದಲಿಸಿ ಮತ್ತೆ ಮೌಲ್ಯಮಾಪನ ಮಾಡಿ. ವ್ಯತ್ಯಾಸ ಯಾವ ಮಾನದಂಡದಲ್ಲಿ ಹೆಚ್ಚಿದೆಯೋ, ರೂಬ್ರಿಕ್‌ನ ಆ ಸಾಲನ್ನು ಮೊದಲು ತಿದ್ದಿ.