ಧಾರೆ ವಿಡಿಯೊ 11 ಜಿಬಿ, ರ‍್ಯಾಮ್ 4 ಜಿಬಿ: ಆರ್‌ಕ್ಲೋನ್ ಬಿಟ್ಟು ವರ್ಸಿಟಿಗೆ ಬಂದ ಕತೆ

ಈಗ ನಮ್ಮ ಸ್ಟುಡಿಯೊದಲ್ಲಿ ಓಡುತ್ತಿರುವುದು ವರ್ಸಿಟಿ ಗೇಟ್‌ವೇ, ಮೊದಲು ಇದ್ದದ್ದು ಆರ್‌ಕ್ಲೋನ್. ಡಿಸ್ಕ್‌ನ ಫೋಲ್ಡರನ್ನು ಎಸ್3 ಮೂಲಕ, ಅಂದರೆ ನೆಟ್‌ವರ್ಕ್‌ನಲ್ಲಿ ಫೈಲ್ ಇಡಲು, ತೆಗೆಯಲು ಅಮೆಜಾನ್ ತಂದ ವಿಧಾನದಲ್ಲಿ, ಬೇರೆ ಸಾಫ್ಟ್‌ವೇರ್‌ಗೆ ತೋರಿಸಲು ಇವೆರಡನ್ನೂ ಬಳಸಿದೆ. ಆರ್‌ಕ್ಲೋನ್ ಕೆಟ್ಟದ್ದೇನಲ್ಲ, ನನ್ನ ಕೆಲಸಕ್ಕೆ ಒಗ್ಗಲಿಲ್ಲ ಅಷ್ಟೆ.

ಶಿವಮೊಗ್ಗದ ದುರ್ಗಿಗುಡಿಯಲ್ಲಿ ನಮ್ಮದು ಮದುವೆ ಫೋಟೊ, ವಿಡಿಯೊ ಕೆಲಸ. ಫೈಲ್‌ಗಳೆಲ್ಲ ಒಂದು ಹಳೇ ಲಿನಕ್ಸ್ ಪಿಸಿಯ ಡಿಸ್ಕ್‌ನಲ್ಲಿವೆ. ಎಡಿಟಿಂಗ್ ಹುಡುಗ ಸಾಂಬಾ (ನೆಟ್‌ವರ್ಕ್‌ನಲ್ಲಿ ಫೋಲ್ಡರ್ ಹಂಚುವ ಸಾಫ್ಟ್‌ವೇರ್) ಮೂಲಕ ಫೋಲ್ಡರ್ ತೆರೆದು ಕೆಲಸ ಮಾಡುತ್ತಾನೆ. ತೀರ್ಥಹಳ್ಳಿ, ಸಾಗರದ ಪಾರ್ಟಿಗಳು ಮನೆಯಲ್ಲೇ ಕೂತು ಆಲ್ಬಂಗೆ ಫೋಟೊ ಆರಿಸಲಿ ಅಂತ ಒಂದು ಗ್ಯಾಲರಿ ಸಾಫ್ಟ್‌ವೇರ್ ತಂದೆ. ಅದಕ್ಕೆ ಫೋಲ್ಡರ್ ಅಂದರೆ ಗೊತ್ತಿಲ್ಲ, ಎಸ್3 ಒಂದೇ ಗೊತ್ತು. ಎರಡು ಕಾಪಿ ಇಡಲು ನನ್ನಲ್ಲಿ ಜಾಗವಿಲ್ಲ. ಅದೇ ಫೈಲ್ ಎರಡೂ ಕಡೆ ಕಾಣಬೇಕು. ಕೆಲವು ಎಸ್3 ಸರ್ವರ್‌ಗಳು ಫೈಲನ್ನು ತಮ್ಮದೇ ರೂಪಕ್ಕೆ ಬದಲಿಸಿ ಇಡುತ್ತವೆ, ಸಾಂಬಾದಲ್ಲಿ ನೋಡಿದರೆ ಫೋಟೊ ಸಿಗುವುದಿಲ್ಲ. ಅವನ್ನು ಮುಟ್ಟಲೇ ಇಲ್ಲ.

ಆರ್‌ಕ್ಲೋನ್‌ನಲ್ಲಿ ಫೋಲ್ಡರನ್ನು ಹಾಗೇ ಎಸ್3 ಆಗಿ ತೋರಿಸುವ ಸೌಲಭ್ಯ 2023ರ ಕೊನೆಗೆ, 1.65ನೇ ಆವೃತ್ತಿಯಲ್ಲಿ ಬಂತು. ಒಂದೇ ಸಾಲಿನ ಕಮಾಂಡ್. ಟೀ ಆರುವುದರೊಳಗೆ ಓಡಿತು. ಒಂದು ವಾರ ಫೋಟೊಗಳಿಗೆ ಏನೂ ತಕರಾರಿಲ್ಲ.

ಆಮೇಲೆ 11 ಜಿಬಿಯ ಧಾರೆ ವಿಡಿಯೊ ಎಸ್3 ಮೂಲಕ ಹಾಕಿದೆ. ಅರ್ಧಕ್ಕೆ ಪಿಸಿ ಮಂಕಾಗಿ ಕೂತಿತು. ಮಳೆಗಾಲ ಬೇರೆ, ಕರೆಂಟ್ ಹೋಗಿ ಬಂದು ಮಾಡುತ್ತಿತ್ತು. ಅನುಮಾನ ಯುಪಿಎಸ್ ಮೇಲೆ ಹೋಯಿತು. ಆಮೇಲೆ ಕೇಬಲ್ ಮೇಲೆ. ಎರಡು ರಾತ್ರಿ ಹೀಗೇ ಕಳೆದವು.

ಕೊನೆಗೆ ಲಾಗ್ ನೋಡಿದರೆ, ಮೆಮೊರಿ ಸಾಲದೆ ಲಿನಕ್ಸೇ ಆರ್‌ಕ್ಲೋನನ್ನು ನಿಲ್ಲಿಸಿತ್ತು. ಎಸ್3ಯಲ್ಲಿ ದೊಡ್ಡ ಫೈಲ್ ತುಂಡು ತುಂಡಾಗಿ ಬರುತ್ತದೆ. ನಾನು ಹಾಕಿಕೊಂಡಿದ್ದ ಆವೃತ್ತಿ ಆ ತುಂಡುಗಳನ್ನೆಲ್ಲ ಕೊನೆಯದು ಬರುವ ತನಕ ರ‍್ಯಾಮ್‌ನಲ್ಲೇ ಹಿಡಿದುಕೊಳ್ಳುತ್ತಿತ್ತು. ನನ್ನ ಪಿಸಿಯಲ್ಲಿ ಇರುವುದೇ 4 ಜಿಬಿ. ಕೈಪಿಡಿಯಲ್ಲಿ ಇದನ್ನು ಬರೆದೇ ಇದ್ದರು. ಅದನ್ನು ಓದದೆ ಸುಮ್ನೆ ಯುಪಿಎಸ್‌ಗೆ ಬೈದವನು ನಾನು.

ವರ್ಸಿಟಿ ತುಂಡುಗಳನ್ನು ಡಿಸ್ಕ್‌ನಲ್ಲೇ ಇಟ್ಟು ಆಮೇಲೆ ಜೋಡಿಸುತ್ತದೆ. ಅದೇ ವಿಡಿಯೊ ಅದೇ ಪಿಸಿಯಲ್ಲಿ ಒಂದೇ ಸಲಕ್ಕೆ ಹೋಯಿತು. ಇದಕ್ಕೂ ಒಂದು ಹಟ ಇದೆ. ಮಾಮೂಲಿ ಸೆಟ್ಟಿಂಗ್‌ನಲ್ಲಿ ಫೈಲಿನ ಜೊತೆಗಿನ ವಿವರಗಳನ್ನು ಫೈಲ್ ಸಿಸ್ಟಮ್‌ನಲ್ಲೇ (ಡಿಸ್ಕ್‌ನಲ್ಲಿ ಫೈಲ್ ಜೋಡಿಸಿಡುವ ವ್ಯವಸ್ಥೆ) ಬರೆದಿಡುತ್ತದೆ, ಎಕ್ಸ್‌ಫ್ಯಾಟ್ ಅನ್ನುವ ಫೈಲ್ ಸಿಸ್ಟಮ್‌ನಲ್ಲಿ ಅದಕ್ಕೆ ಜಾಗವಿಲ್ಲ. ವಿಂಡೋಸ್‌ಗೂ ಆಗಲಿ ಅಂತ ನನ್ನ ಡಿಸ್ಕನ್ನು ಎಕ್ಸ್‌ಫ್ಯಾಟ್ ಮಾಡಿದ್ದೆ. ಗೆಳೆಯನ ಡಿಸ್ಕ್ ಎರವಲು ತಂದು, ಎಲ್ಲ ಅದಕ್ಕೆ ಸಾಗಿಸಿ, ನನ್ನದನ್ನು ಲಿನಕ್ಸ್‌ನ ಇಎಕ್ಸ್‌ಟಿ4 ಫೈಲ್ ಸಿಸ್ಟಮ್‌ಗೆ ಫಾರ್ಮ್ಯಾಟ್ ಮಾಡಿ, ವಾಪಸ್ ತುಂಬುವಷ್ಟರಲ್ಲಿ ಒಂದು ಭಾನುವಾರ ಮುಗಿಯಿತು.

ಕನ್ನಡದಲ್ಲಿ ಫೋಲ್ಡರ್ ಹೆಸರಿಡುವವರಿಗೆ ಎರಡರಲ್ಲೂ ಒಂದೇ ಗೋಳು. ಮೇಲಿನ ಹಂತದ ಫೋಲ್ಡರೇ ಬಕೆಟ್ (ಎಸ್3ಯಲ್ಲಿ ಫೈಲ್‌ಗಳನ್ನು ತುಂಬಿಡುವ ಡಬ್ಬಿ) ಆಗುತ್ತದೆ, ಎಸ್3 ನಿಯಮದಂತೆ ಬಕೆಟ್ ಹೆಸರಿಗೆ ಇಂಗ್ಲಿಷ್ ಸಣ್ಣಕ್ಷರ, ಅಂಕಿ, ಚುಕ್ಕಿ, ಅಡ್ಡಗೆರೆ ಬಿಟ್ಟು ಬೇರೆ ನಡೆಯುವುದಿಲ್ಲ. ಒಳಗಿನ ಫೋಲ್ಡರ್‌ಗಳಲ್ಲಿ ಕನ್ನಡ ಆರಾಮಾಗಿ ಕೂರುತ್ತದೆ.

ದುಡ್ಡಿನ ಮಾತೇ ಇಲ್ಲ, ಎರಡೂ ಉಚಿತ. ರ‍್ಯಾಮ್ ಜಾಸ್ತಿ ಮಾಡಬಹುದಿತ್ತು, ಆದರೆ ನಾಳೆ 20 ಜಿಬಿ ವಿಡಿಯೊ ಬಂದರೆ ಮತ್ತೆ ಅದೇ ಕತೆ ಅಲ್ವಾ?

ಹೊಸನಗರದ ಗೆಳೆಯನೊಬ್ಬ ಬರೀ ಫೋಟೊ ತೆಗೆಯುತ್ತಾನೆ. ಅವನಿಗೆ ಆರ್‌ಕ್ಲೋನೇ ಹಾಕಿಕೊಟ್ಟೆ. ಅವನ ಡಿಸ್ಕ್ ಇನ್ನೂ ಎಕ್ಸ್‌ಫ್ಯಾಟ್.