ಪೋರ್ಟರ್, ಕ್ಯಾರವಾನ್, ಕೊಡಿಯಾಕ್: ಗುಡ್ಡಗಾಡಿಗೆ ಯಾವ ಟರ್ಬೈನ್ ವಿಮಾನ?

ಹುಬ್ಬಳ್ಳಿ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 2,170 ಅಡಿ ಎತ್ತರದಲ್ಲಿದೆ. ಏಪ್ರಿಲ್ ಮಧ್ಯಾಹ್ನ 38 ಡಿಗ್ರಿ ಬಿಸಿಲಿದ್ದರೆ ಅಲ್ಲಿನ ಗಾಳಿ ತೆಳ್ಳಗಾಗುತ್ತದೆ. ವಿಮಾನದ ಲೆಕ್ಕದಲ್ಲಿ ಅದು ಸುಮಾರು 5,400 ಅಡಿ ಎತ್ತರದ ಗಾಳಿಗೆ ಸಮ. ಪೈಲಟ್‌ಗಳು ಇದನ್ನು ಡೆನ್ಸಿಟಿ ಆಲ್ಟಿಟ್ಯೂಡ್ ಅನ್ನುತ್ತಾರೆ. ರಸ್ತೆಯಿಲ್ಲದ ಊರುಗಳ ಸಣ್ಣ ಕಚ್ಚಾ ರನ್‌ವೇಗಳಿಗೆ ಹೋಗುವ ಬುಷ್ ವಿಮಾನದ ಬಗ್ಗೆ ಯಾರು ಕೇಳಿದರೂ ನಾನು ಮೊದಲು ಇದನ್ನೇ ಹೇಳುತ್ತೇನೆ. ಯಾಕೆಂದರೆ ಕಂಪನಿಗಳು ಹೇಳುವ ಟೇಕಾಫ್ ದೂರ ಸಮುದ್ರಮಟ್ಟದ್ದು, ಅದೂ 15 ಡಿಗ್ರಿ ತಂಪಿನಲ್ಲಿ. ನಮ್ಮ ಕಡೆ ಅಷ್ಟು ತಂಪು ಸಿಗುವುದು ಚಳಿಗಾಲದ ನಸುಕಿನಲ್ಲಿ ಮಾತ್ರ. ಹಾಗಾಗಿ ಕೆಳಗೆ ನಾನು ಕೊಡುವ ಅಂಕಿಗಳನ್ನೂ ಹಾಗೇ ನಂಬಬೇಡಿ. ಒಂದಕ್ಕೊಂದು ಹೋಲಿಸಿ ನೋಡಲಿಕ್ಕೆ ಮಾತ್ರ ಇಟ್ಟುಕೊಳ್ಳಿ.

ನಾನು ಧಾರವಾಡದವನು. ಇಂಡೋನೇಷ್ಯಾದ ಪಪುವಾದಲ್ಲಿ ಕೆಲಸ ಮಾಡುವಾಗ ಪಿಲಾಟಸ್ ಪಿಸಿ-6 ಪೋರ್ಟರ್, ಸೆಸ್ನಾ ಗ್ರ್ಯಾಂಡ್ ಕ್ಯಾರವಾನ್ ಮತ್ತು ಕೊಡಿಯಾಕ್ 100 ಮೂರನ್ನೂ ಹಾರಿಸಿದ್ದೇನೆ. ಅಲ್ಲಿ ಬೆಟ್ಟದ ಮೇಲಿನ ಎಷ್ಟೋ ಹಳ್ಳಿಗಳಿಗೆ ರಸ್ತೆಯೇ ಇಲ್ಲ. ಅಕ್ಕಿ, ಎಣ್ಣೆ, ತಗಡು, ರೋಗಿ, ಮೇಷ್ಟ್ರು, ಎಲ್ಲವೂ ಸಣ್ಣ ವಿಮಾನದಲ್ಲೇ ಹೋಗಬೇಕು. ಈಗ ಹುಬ್ಬಳ್ಳಿ, ಗದಗ, ಹಾವೇರಿ ಕಡೆಯ ಮಕ್ಕಳು ಪೈಲಟ್ ಲೈಸೆನ್ಸ್ ಮಾಡಿಕೊಂಡು ಇಂಥ ಕೆಲಸದ ಬಗ್ಗೆ ಕೇಳುತ್ತಾರೆ. ಹುಬ್ಬಳ್ಳಿಯ ಗೆಳೆಯರೊಬ್ಬರಿಗೆ ಪಾಲುದಾರರ ಜೊತೆ ಸೇರಿ ಹೊರದೇಶದಲ್ಲಿ ಇಂಥ ಒಂದು ವಿಮಾನ ಕೊಂಡು ನಡೆಸುವ ಯೋಚನೆಯೇ ಇದೆ. ಅವರೆಲ್ಲರಿಗೂ ಸೇರಿಸಿ ಇದನ್ನು ಬರೆಯುತ್ತಿದ್ದೇನೆ.

ಟರ್ಬೈನ್, ಅಂದರೆ ಬಿಸಿ ಗಾಳಿಯ ರಭಸಕ್ಕೆ ತಿರುಗುವ ಎಂಜಿನ್, ಯಾಕೆ ಬೇಕು ಅನ್ನುವುದನ್ನು ಬೇಗ ಹೇಳಿಬಿಡುತ್ತೇನೆ. ಪಿಸ್ಟನ್ ಎಂಜಿನ್ನಿಗೆ ಬೇಕಾದ ಏವ್‌ಗ್ಯಾಸ್ ಪೆಟ್ರೋಲ್ ದೂರದ ಊರುಗಳಲ್ಲಿ ಸಿಗುವುದು ಕಷ್ಟ. ಜೆಟ್ ಇಂಧನ ದೊಡ್ಡ ವಿಮಾನ ಬರುವ ಕಡೆಯೆಲ್ಲ ಇರುತ್ತದೆ. ಈ ಮೂರೂ ವಿಮಾನಗಳಲ್ಲಿರುವುದು ಪ್ರ್ಯಾಟ್ ಅಂಡ್ ವಿಟ್ನಿ ಕೆನಡಾದ ಪಿಟಿ6 ಎಂಜಿನ್ನೇ. ಹಗುರ, ಶಕ್ತಿ ಜಾಸ್ತಿ, ನಂಬಿಕಸ್ಥ. ಇಳಿದ ಮೇಲೆ ಪ್ರೊಪೆಲ್ಲರ್ ಅಲಗುಗಳನ್ನು ತಿರುಗಿಸಿ ಹಿಂದಕ್ಕೆ ಎಳೆಯುವಂತೆ ಮಾಡಬಹುದು. ಒದ್ದೆ ಹುಲ್ಲಿನ ಮೇಲೆ ಚಕ್ರದ ಬ್ರೇಕ್ ಹಿಡಿಯದಿದ್ದಾಗ ನಿಮ್ಮನ್ನು ನಿಲ್ಲಿಸುವುದು ಅದೇ.

ಪೋರ್ಟರ್‌ನಿಂದ ಶುರು ಮಾಡುತ್ತೇನೆ, ನನಗೆ ಅದರ ಮೇಲೆ ಪ್ರೀತಿ ಜಾಸ್ತಿ. ಸ್ವಿಟ್ಜರ್ಲೆಂಡಿನ ಈ ವಿಮಾನ ಮೊದಲು ಹಾರಿದ್ದು 1959ರಲ್ಲಿ, ಪಿಸ್ಟನ್ ಎಂಜಿನ್ನಿನೊಂದಿಗೆ. ಮರುವರ್ಷವೇ ಒಂದು ಪೋರ್ಟರ್ ನೇಪಾಳದ ಧವಳಗಿರಿಯಲ್ಲಿ 5,750 ಮೀಟರ್ ಎತ್ತರದ ಹಿಮದ ಮೇಲೆ ಇಳಿಯಿತು. 1961ರಲ್ಲಿ ಟರ್ಬೈನ್ ಬಂತು. ನಾನು ಹಾರಿಸಿದ ಮಾದರಿಯಲ್ಲಿ 550 ಕುದುರೆ ಶಕ್ತಿ, ಗರಿಷ್ಠ ತೂಕ 2,800 ಕೆಜಿ. ಪುಸ್ತಕದ ಪ್ರಕಾರ ಟೇಕಾಫ್ ಓಟ 197 ಮೀಟರ್, ಇಳಿದ ಮೇಲಿನ ಓಟ 127 ಮೀಟರ್.

ಆದರೆ ಪೋರ್ಟರ್‌ನ ನಿಜವಾದ ಗುಣ ಈ ಅಂಕಿಗಳಲ್ಲಿ ಕಾಣುವುದಿಲ್ಲ, ಅದು ಇಳಿಯುವ ರೀತಿಯಲ್ಲಿದೆ. ಗಾಳಿಯಲ್ಲಿರುವಾಗಲೇ ಪ್ರೊಪೆಲ್ಲರ್ ಅಲಗನ್ನು ಚಪ್ಪಟೆ ಮಾಡಿ ಅದನ್ನೇ ಬ್ರೇಕ್ ಮಾಡಿಕೊಳ್ಳಬಹುದು. ಮೂತಿ ಕೆಳಗೆ ಮಾಡಿದರೂ ವೇಗ ಏರುವುದಿಲ್ಲ. ಕಣಿವೆಯ ಗೋಡೆ ದಾಟಿದ ಕೂಡಲೇ ಕೆಳಗಿರುವ ಏರ್‌ಸ್ಟ್ರಿಪ್‌ಗೆ ಕಡಿದಾಗಿ ಇಳಿದುಬಿಡಬಹುದು. ಕ್ಯಾರವಾನ್‌ನಲ್ಲಾಗಲಿ ಕೊಡಿಯಾಕ್‌ನಲ್ಲಾಗಲಿ ಹಾರಾಟದಲ್ಲಿ ಹಾಗೆ ಮಾಡುವಂತಿಲ್ಲ. ಪಪುವಾದಲ್ಲಿ ಮೋಡ ಮೇಲಿನಿಂದ ಮುಚ್ಚಿಕೊಂಡು ಬರುತ್ತದೆ. ಸಿಕ್ಕ ಸಣ್ಣ ಜಾಗದಲ್ಲಿ ಎತ್ತರ ಕಳೆದುಕೊಳ್ಳಬೇಕು ಅಂದಾಗ ಪೋರ್ಟರ್ ಕೊಡುವ ಧೈರ್ಯ ಬೇರೆ ಯಾವುದೂ ಕೊಡುವುದಿಲ್ಲ.

ಗದಗಿನಲ್ಲಿರುವ ನನ್ನ ಅಕ್ಕನ ಮಗ ಇದನ್ನು ಕೇಳಿ, “ಮಾಮಾ, ಇಷ್ಟ ಸಣ್ಣ ಜಾಗಾದಾಗ ಇಳೀತೈತಿ ಅಂದಮ್ಯಾಲೆ ಬ್ಯಾರೇದ್ದು ಯಾಕ ಬೇಕು?” ಅಂದ. ಒಳ್ಳೆಯ ಪ್ರಶ್ನೆ. ಉತ್ತರ ಮೂರು ಕಡೆ ಇದೆ.

ಮೊದಲನೆಯದು ಬಾಲದ ಚಕ್ರ. ಪೋರ್ಟರ್‌ನಲ್ಲಿ ಮೂಗಿನ ಕೆಳಗೆ ಚಕ್ರವಿಲ್ಲ, ಬಾಲದ ಕೆಳಗಿದೆ. ತಗ್ಗು ದಿಣ್ಣೆ ಇರುವ ನೆಲಕ್ಕೆ ಇದು ಒಳ್ಳೇದೇ. ಆದರೆ ಅಡ್ಡಗಾಳಿಯಲ್ಲಿ ಇಳಿದಾಗ ಪೆಡಲ್ ಮೇಲಿನ ಕಾಲು ಒಂದು ಕ್ಷಣ ಸುಮ್ಮನಿದ್ದರೂ ವಿಮಾನ ಗಿರಕಿ ಹೊಡೆಯುತ್ತದೆ. ಮೂತಿ ಉದ್ದ, ನೆಲದ ಮೇಲೆ ಮುಂದೆ ಏನೂ ಕಾಣುವುದಿಲ್ಲ. ಇದನ್ನು ಕಲಿಯಲಿಕ್ಕೆ ಸಮಯ ಬೇಕು. ಹುಬ್ಬಳ್ಳಿಯ ರನ್‌ವೇ ಪೂರ್ವ ಪಶ್ಚಿಮವಾಗಿದೆ, ಮಳೆಗಾಲದ ಪಡುವಣ ಗಾಳಿ ಹೆಚ್ಚುಕಮ್ಮಿ ಅದರ ನೇರಕ್ಕೇ ಬೀಸುತ್ತದೆ. ಅಂಥ ಕಡೆ ಹಾರಿ ರೂಢಿಯಾದವರು ಅಡ್ಡಗಾಳಿಯ ಅಭ್ಯಾಸವನ್ನು ಬೇರೆಲ್ಲಾದರೂ ಹೋಗಿ ಮಾಡಿಕೊಳ್ಳಲೇಬೇಕು.

ಎರಡನೆಯದು ವೇಗ. ಪೋರ್ಟರ್ ಗಂಟೆಗೆ ಸುಮಾರು 230 ಕಿ.ಮೀ. ಹೋಗುತ್ತದೆ. ಹುಬ್ಬಳ್ಳಿಯಿಂದ ಬೆಂಗಳೂರಿನ ಏರ್‌ಪೋರ್ಟ್‌ಗೆ ನೇರ ಗೆರೆಯಲ್ಲಿ 370 ಕಿ.ಮೀ. ಅಂದುಕೊಳ್ಳಿ. ಪೋರ್ಟರ್‌ಗೆ ಒಂದೂವರೆ ಗಂಟೆಗೂ ಜಾಸ್ತಿ ಬೇಕು. ಕೊಡಿಯಾಕ್ ಒಂದು ಗಂಟೆ ಹತ್ತು ನಿಮಿಷದ ಆಸುಪಾಸಿನಲ್ಲಿ ಮುಟ್ಟುತ್ತದೆ. ಪಪುವಾದಲ್ಲಿ ಮಧ್ಯಾಹ್ನದ ಹೊತ್ತಿಗೆ ಬೆಟ್ಟಕ್ಕೆ ಮೋಡ ಕಟ್ಟುತ್ತದೆ, ಕೆಲಸವೆಲ್ಲ ಬೆಳಿಗ್ಗೆಯೇ ಮುಗಿಯಬೇಕು. ಆ ಕೆಲವೇ ಗಂಟೆಗಳಲ್ಲಿ ವೇಗದ ವಿಮಾನ ಇನ್ನೊಂದು ಸುತ್ತು ಹೊಡೆದು ಬರುತ್ತದೆ. ಹಳ್ಳಿಯವರಿಗೆ ಅದು ಇನ್ನಷ್ಟು ಮೂಟೆ ಅಕ್ಕಿ.

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಪೋರ್ಟರ್ ತಯಾರಿಕೆ ನಿಂತುಹೋಗಿದೆ. ಪಿಲಾಟಸ್ ಅದನ್ನು ಮುಗಿಸಿತು. ಈಗ ಸಿಗುವುದೆಲ್ಲ ಹಳೆಯವು. ರೆಕ್ಕೆಯನ್ನು ಹಿಡಿದ ಓರೆ ಕಂಬಿಯ (ಸ್ಟ್ರಟ್) ಜೋಡಣೆಗಳನ್ನು ಮತ್ತೆ ಮತ್ತೆ ಪರೀಕ್ಷಿಸಬೇಕು ಎಂಬ ಸುರಕ್ಷತಾ ಆದೇಶಗಳೂ ಇದ್ದವು. ದಾಖಲೆ ಪಕ್ಕಾ ಇರುವ ವಿಮಾನ ಸಿಕ್ಕರೆ ಪರವಾಗಿಲ್ಲ. ಸಿಗದಿದ್ದರೆ ಮುಟ್ಟಬೇಡಿ.

ಕ್ಯಾರವಾನ್ ಬಗ್ಗೆ ಹೇಳುವುದು ಕಮ್ಮಿ, ಯಾಕೆಂದರೆ ಅದನ್ನು ಎಲ್ಲರೂ ಬಲ್ಲರು. 1982ರಲ್ಲಿ ಮೊದಲು ಹಾರಿತು. ಇಲ್ಲಿಯವರೆಗೆ 3,000ಕ್ಕೂ ಹೆಚ್ಚು ತಯಾರಾಗಿವೆ. ಬಿಡಿಭಾಗ, ಮೆಕ್ಯಾನಿಕ್, ತರಬೇತಿ, ಯಾವುದಕ್ಕೂ ಪರದಾಡಬೇಕಿಲ್ಲ. ಕೆಲಸ ಹುಡುಕುವ ಹುಡುಗರಿಗೆ ಕ್ಯಾರವಾನ್ ಅನುಭವದಷ್ಟು ಬೆಲೆ ಬೇರೆ ಯಾವುದಕ್ಕೂ ಇಲ್ಲ. ಹೊಸ ಗ್ರ್ಯಾಂಡ್ ಕ್ಯಾರವಾನ್ ಇಎಕ್ಸ್‌ನಲ್ಲಿ 867 ಕುದುರೆ ಶಕ್ತಿ ಇದೆ, ಹಳೆಯ ಗ್ರ್ಯಾಂಡ್ ಕ್ಯಾರವಾನ್ 208ಬಿ ಮಾದರಿಯಲ್ಲಿ 675. ಬೆಟ್ಟದ ಕೆಲಸಕ್ಕೆ ಹಳೆಯದನ್ನು ಕೊಳ್ಳಬೇಡಿ. ಆ ಶಕ್ತಿಯಲ್ಲಿ ಬಿಸಿಲ ಹೊತ್ತು ಭರ್ತಿ ತೂಕದಲ್ಲಿ ಮೇಲೇರುವಾಗ ನನಗೆ ಯಾವತ್ತೂ ಸಮಾಧಾನ ಇರಲಿಲ್ಲ. ಇಎಕ್ಸ್‌ಗೂ ಟೇಕಾಫ್ ಓಟ 420 ಮೀಟರ್ ದಾಟುತ್ತದೆ, ಅಂದರೆ ಪೋರ್ಟರ್‌ನ ಎರಡು ಪಟ್ಟು. ಸಾಮಾನು ತುಂಬುವಾಗ ಹಿಂದೆ ಭಾರ ಬಿದ್ದು ಬಾಲ ಕುಸಿಯದಂತೆ ಕೆಳಗೆ ಕೋಲು ನಿಲ್ಲಿಸುತ್ತಾರೆ. ಅದನ್ನು ತೆಗೆದು ಒಳಗಿಟ್ಟಿದ್ದಾರೋ ಇಲ್ಲವೋ ಅಂತ ಹೊರಡುವ ಮುಂಚೆ ಸ್ವತಃ ನೋಡಿ.

ಇನ್ನು ಕೊಡಿಯಾಕ್. ಅಮೆರಿಕದ ಐಡಾಹೋ ರಾಜ್ಯದ ಸ್ಯಾಂಡ್‌ಪಾಯಿಂಟ್‌ನಲ್ಲಿ ತಯಾರಾಗುತ್ತದೆ. 2004ರಲ್ಲಿ ಮೊದಲ ಹಾರಾಟ, 2007ರಲ್ಲಿ ಪ್ರಮಾಣಪತ್ರ. ಕ್ವೆಸ್ಟ್ ಕಂಪನಿಯದಾಗಿದ್ದ ಇದು 2019ರಿಂದ ಫ್ರಾನ್ಸಿನ ಡಾಹೇರ್ ಕೈಯಲ್ಲಿದೆ. ರಸ್ತೆಯಿಲ್ಲದ ಕಡೆ ಸೇವೆ ಮಾಡುವ ಮಿಷನ್ ಸಂಸ್ಥೆಗಳ ಬೇಕುಬೇಡಗಳನ್ನು ಕೇಳಿಕೊಂಡೇ ಇದನ್ನು ರೂಪಿಸಿದರು. ಆ ಕಾಳಜಿ ವಿಮಾನದ ತುಂಬ ಕಾಣುತ್ತದೆ. 2017ರ ಡಿಸೆಂಬರಿನಲ್ಲಿ ಸ್ಪೈಸ್‌ಜೆಟ್ ಮುಂಬೈನ ಗಿರಗಾಂವ್ ಚೌಪಾಟಿಯಲ್ಲಿ ನೀರಿನ ಮೇಲೆ ಇಳಿಸಿ ತೋರಿಸಿದ್ದು ಇದೇ ಕೊಡಿಯಾಕ್.

750 ಕುದುರೆ ಶಕ್ತಿ, ಗರಿಷ್ಠ ತೂಕ ಸುಮಾರು 3,290 ಕೆಜಿ, ಟೇಕಾಫ್ ಓಟ 285 ಮೀಟರ್. ಪೋರ್ಟರ್‌ಗಿಂತ ಜಾಸ್ತಿ, ಕ್ಯಾರವಾನ್‌ಗಿಂತ ಬಹಳ ಕಮ್ಮಿ. ನನಗೆ ಮನಸ್ಸು ತುಂಬಿದ್ದು ಅದರ ರೆಕ್ಕೆ ನೋಡಿ. ರೆಕ್ಕೆಯ ಹೊರಭಾಗದ ಮುಂದಿನ ಅಂಚನ್ನು ಸ್ವಲ್ಪ ಮುಂದಕ್ಕೆ ಚಾಚಿದ್ದಾರೆ. ವೇಗ ತೀರಾ ಇಳಿದಾಗ ರೆಕ್ಕೆಯ ಒಳಭಾಗ ಮೊದಲು ಸೋಲುತ್ತದೆ, ಹೊರಭಾಗ ಇನ್ನೂ ಗಾಳಿಯನ್ನು ಹಿಡಿದಿರುತ್ತದೆ. ವಿಮಾನವನ್ನು ಎಡಕ್ಕೆ ಬಲಕ್ಕೆ ವಾಲಿಸುವ ಏಲರಾನ್‌ಗಳು ಇರುವುದು ಆ ಹೊರಭಾಗದಲ್ಲೇ. ಹಾಗಾಗಿ ಸ್ಟಾಲ್ ಆಗುವ, ಅಂದರೆ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವ ಹೊತ್ತಿನಲ್ಲೂ ಕೈಯಲ್ಲಿರುವ ಯೋಕ್ (ವಿಮಾನದ ಸ್ಟೀರಿಂಗ್) ಮಾತು ಕೇಳುತ್ತದೆ. ಎತ್ತರದಲ್ಲಿ ಬೇಕಂತಲೇ ಸ್ಟಾಲ್ ಮಾಡಿಸಿ ನೋಡಿದಾಗ ಅದು ಒಂದು ಕಡೆಗೆ ವಾಲಿ ಬೀಳದೆ, ಮೂತಿ ತಗ್ಗಿಸಿ ಮತ್ತೆ ಹಾರಲು ತಯಾರಾಗುತ್ತದೆ. ದಿನವಿಡೀ ಕಡಿಮೆ ವೇಗದಲ್ಲಿ ಕಣಿವೆ ತಿರುಗುವ ಪೈಲಟ್‌ಗೆ ಇದಕ್ಕಿಂತ ದೊಡ್ಡ ಕೊಡುಗೆ ಏನಿದೆ?

ಮೂಗಿನ ಚಕ್ರ ಇದ್ದರೂ ಪ್ರೊಪೆಲ್ಲರ್ ತುದಿ ನೆಲದಿಂದ 19 ಇಂಚು ಮೇಲಿದೆ. ಕಲ್ಲು ಎದ್ದು ಬಡಿಯುವುದು ಕಮ್ಮಿ. ಬೇಕಾದರೆ 29 ಇಂಚಿನ ದಪ್ಪ ಟೈರ್ ಹಾಕಿಸಬಹುದು.

ಟೈರಿನ ಮಾತು ನಮ್ಮ ಕಡೆಯವರಿಗೆ ಬೇಗ ಅರ್ಥವಾಗುತ್ತದೆ. ನವಲಗುಂದ, ಗದಗಿನ ಎರಿ ಹೊಲದಲ್ಲಿ ಒಂದು ಮಳೆ ಬಿದ್ದ ಮೇಲೆ ನಡೆದು ನೋಡಿ. ಧಾರವಾಡದ ಪಡುವಣಕ್ಕಿರುವ ಕೆಂಪು ನೆಲ ಬೇರೆ, ಅಲ್ಲಿ ನೀರು ಬೇಗ ಇಂಗುತ್ತದೆ. ಪಪುವಾದಲ್ಲೂ ಹೀಗೇ ಎರಡು ಥರದ ನೆಲ ಕಂಡಿದ್ದೇನೆ. ಅಂಟು ಮಣ್ಣಿದ್ದ ಕಡೆ ಸಣ್ಣ ಟೈರಿನ ಕ್ಯಾರವಾನ್ ಟೇಕಾಫ್ ಓಟದಲ್ಲಿ ವೇಗವನ್ನೇ ಹಿಡಿಯುವುದಿಲ್ಲ. ಪುಸ್ತಕದ ಅಂಕಿಗೆ ಎಷ್ಟು ಸೇರಿಸಬೇಕು ಅನ್ನುವುದನ್ನು ಆ ದಿನದ ನೆಲ ಹೇಳುತ್ತದೆ. ನಾನು ಇಳಿದ ಕೂಡಲೇ ರನ್‌ವೇ ಮೇಲೆ ನಡೆದು ಹಿಮ್ಮಡಿಯಿಂದ ಒತ್ತಿ ನೋಡುತ್ತಿದ್ದೆ. ದಪ್ಪ ಟೈರಿನ ಕೊಡಿಯಾಕ್ ಮತ್ತು ಪೋರ್ಟರ್ ಇಂಥ ಕಡೆ ಒಂದೇ ಸಮ.

ಭಾರದ ಲೆಕ್ಕದಲ್ಲಿ ಒಂದು ಅಚ್ಚರಿ ಇದೆ. ಇಂಧನ, ಪೈಲಟ್, ಸಾಮಾನು ಎಲ್ಲ ಸೇರಿ ಕೊಡಿಯಾಕ್ ಹೊರುವುದು ಸುಮಾರು 1,600 ಕೆಜಿ. ಅದಕ್ಕಿಂತ ಅಷ್ಟು ದೊಡ್ಡದಾದ ಕ್ಯಾರವಾನ್ ಇಎಕ್ಸ್ ಹೊರುವುದೂ ಹೆಚ್ಚುಕಮ್ಮಿ ಅಷ್ಟೇ! ವ್ಯತ್ಯಾಸ ಇರುವುದು ಜಾಗದಲ್ಲಿ. ಕೊಡಿಯಾಕ್‌ನ ಒಳಗೆ ಸುಮಾರು 7 ಘನ ಮೀಟರ್ ಜಾಗ. ಕ್ಯಾರವಾನ್‌ನಲ್ಲಿ 9ಕ್ಕೂ ಜಾಸ್ತಿ, ಜೊತೆಗೆ ಹೊಟ್ಟೆಯ ಕೆಳಗಿನ ಕಾರ್ಗೋ ಪಾಡ್, ಅಂದರೆ ಸಾಮಾನಿನ ಪೆಟ್ಟಿಗೆ. ನನ್ನ ಗೆಳೆಯರಿಗೆ ಇದನ್ನು ಬ್ಯಾಡಗಿ ಮೆಣಸಿನಕಾಯಿ ಇಟ್ಟುಕೊಂಡು ಹೇಳಿದೆ. ಮೆಣಸಿನಕಾಯಿ ಚೀಲ ಹಗುರ, ಆದರೆ ಜಾಗ ತಿನ್ನುತ್ತದೆ. ನೀವು ಒಯ್ಯುವುದು ಅಂಥ ಸರಕಾದರೆ ಕ್ಯಾರವಾನ್ ಬೇಕು. ಅಕ್ಕಿ, ಸಿಮೆಂಟ್, ಡೀಸೆಲ್ ಆದರೆ ಕೊಡಿಯಾಕ್ ತುಂಬುವ ಮೊದಲೇ ತೂಕ ಮುಗಿದಿರುತ್ತದೆ, ದೊಡ್ಡ ಹೊಟ್ಟೆಯಿಂದ ಲಾಭವಿಲ್ಲ. ಪೋರ್ಟರ್‌ನ ಕ್ಯಾಬಿನ್ ಇವೆರಡಕ್ಕಿಂತ ಬಹಳ ಸಣ್ಣದು. ಆದರೆ ಎರಡೂ ಬದಿಗೆ ಸರಿಯುವ ಬಾಗಿಲು ಇರುವುದರಿಂದ ಸ್ಟ್ರೆಚರ್ ಹಾಕಲು ಅದರಷ್ಟು ಸಲೀಸು ಯಾವುದೂ ಇಲ್ಲ.

ಟ್ವಿನ್ ಆಟರ್ ವಿಮಾನವನ್ನು ಯಾಕೆ ಬಿಟ್ಟಿರಿ ಅಂತ ಕೇಳಬಹುದು. ಎರಡು ಎಂಜಿನ್, 19 ಜನ. ನೇಪಾಳದ ಲುಕ್ಲಾದಂಥ 527 ಮೀಟರಿನ ಇಳಿಜಾರು ರನ್‌ವೇಯಲ್ಲಿ ದಶಕಗಳಿಂದ ದುಡಿಯುತ್ತಿದೆ. ಆದರೆ ಎರಡು ಎಂಜಿನ್ ಅಂದರೆ ಇಂಧನವೂ ರಿಪೇರಿಯೂ ಎರಡು ಪಾಲು. ಒಂದೇ ವಿಮಾನ ಇಟ್ಟುಕೊಂಡು ಶುರು ಮಾಡುವವರಿಗೆ ಅದು ತೂಗುವುದಿಲ್ಲ. ಹುಡುಗರು ಮೊಬೈಲಿನಲ್ಲಿ ತೋರಿಸುವ ಡ್ರೇಕೋ ಕೂಡ ಈ ಪಟ್ಟಿಗೆ ಬರುವುದಿಲ್ಲ. ಅಮೆರಿಕದ ಮೈಕ್ ಪೇಟಿ ವಿಲ್ಗಾ ವಿಮಾನಕ್ಕೆ ಪಿಟಿ6 ಕೂರಿಸಿ ತನ್ನ ಕೈಯಾರೆ ಕಟ್ಟಿದ ಒಂದೇ ಒಂದು ವಿಮಾನ ಅದು. 2019ರಲ್ಲಿ ರೀನೋದಲ್ಲಿ ಬಿರುಗಾಳಿಯಲ್ಲಿ ಟೇಕಾಫ್ ಮಾಡುವಾಗ ಮುರಿದುಬಿತ್ತು. ಅಷ್ಟು ಶಕ್ತಿ, ಅಷ್ಟು ಕೈಚಳಕ ಇದ್ದರೂ ಅಡ್ಡಗಾಳಿ ಬಿಡಲಿಲ್ಲ.

ಹಾಗಾದರೆ ಗೆಳೆಯರಿಗೆ ಏನು ಹೇಳಿದೆ? ಕೊಡಿಯಾಕ್ ಕೊಳ್ಳಿ ಅಂದೆ. ನೀವು ಹೋಗಬೇಕಾದ ಏರ್‌ಸ್ಟ್ರಿಪ್‌ಗಳೆಲ್ಲ 800 ಮೀಟರ್ ದಾಟಿದ್ದರೆ, ಪಕ್ಕದಲ್ಲೇ ಮೆಕ್ಯಾನಿಕ್ ಬೇಕು ಅಂದರೆ, ಕ್ಯಾರವಾನ್ ಇಎಕ್ಸ್ ನೋಡಿ. 300 ಮೀಟರಿನ ಕಡಿದಾದ ಸ್ಟ್ರಿಪ್‌ಗಳೇ ನಿಮ್ಮ ದಿನದ ಕೆಲಸವಾದರೆ, ಪಳಗಿದ ಟೇಲ್‌ವ್ಹೀಲ್ ಪೈಲಟ್ ಇದ್ದರೆ, ಪೋರ್ಟರ್ ಹುಡುಕಿ. ಗೆಳೆಯರ ಕೆಲಸ ಇವೆರಡರ ನಡುವೆ ಇತ್ತು. ಕಲಿಯುತ್ತಿರುವ ಪೈಲಟ್‌ಗಳನ್ನೂ ಅದರಲ್ಲಿ ಕೂರಿಸಬೇಕಿತ್ತು. ಹೊಸ ಕೈಗೆ ಕೊಡಿಯಾಕ್‌ನ ಆ ರೆಕ್ಕೆಯ ರಕ್ಷಣೆ ಬೇಕೇ ಬೇಕು.

ಸೆಕೆಂಡ್ ಹ್ಯಾಂಡ್ ನೋಡಲು ಹೋಗುವವರು ಮೂರು ಕಡೆ ಕೈ ಆಡಿಸಿ ನೋಡಬೇಕು. ಪ್ರೊಪೆಲ್ಲರ್ ಅಲಗಿನ ತುದಿಗಳು ಎಷ್ಟು ಸವೆದಿವೆ? ಹೊಟ್ಟೆಯ ಕೆಳಗೆ ಕಲ್ಲು ಬಡಿದ ಗುರುತು ಎಷ್ಟಿದೆ? ಬಾಲದ ಮುಂದಿನ ಅಂಚಿನಲ್ಲಿ ತಗ್ಗು ಬಿದ್ದಿದೆಯಾ? ಆಮೇಲೆ ಎಂಜಿನ್ನಿನ ಬಿಸಿ ಭಾಗವನ್ನು (ಇಂಧನ ಉರಿಯುವ ಕಡೆ) ಬಿಚ್ಚಿ ನೋಡಿದ ಕೊನೆಯ ವರದಿಯನ್ನು ಕೇಳಿ ಓದಿ. ಅದನ್ನು ತೋರಿಸಲು ಮಾರುವವರು ಹಿಂದೆಮುಂದೆ ನೋಡಿದರೆ ಅಲ್ಲಿಗೇ ಬಿಟ್ಟು ಬನ್ನಿ.