ಕೋರ್ ಅಪ್‌ಡೇಟ್ ನಡೆಯುತ್ತಿರುವಾಗ ಸೈಟಿನ ಲಿಂಕ್‌ಗಳಿಗೆ ಕೈ ಹಚ್ಚಬೇಡಿ

2024ರ ಮಾರ್ಚ್ 5ರಂದು ಗೂಗಲ್ ಒಂದೇ ದಿನ ಎರಡು ಬದಲಾವಣೆ ಶುರು ಮಾಡಿತು: ಒಂದು ಕೋರ್ ಅಪ್‌ಡೇಟ್ (ಹುಡುಕಾಟದಲ್ಲಿ ಪುಟಗಳ ಸ್ಥಾನ ನಿರ್ಧರಿಸುವ ಕ್ರಮದ ದೊಡ್ಡ ಪರಿಷ್ಕರಣೆ), ಇನ್ನೊಂದು ಸ್ಪ್ಯಾಮ್ ಅಪ್‌ಡೇಟ್ (ಮೋಸದ ಪುಟಗಳನ್ನು ತಡೆಯುವ ಪರಿಷ್ಕರಣೆ). ಸ್ಪ್ಯಾಮ್‌ನದ್ದು ಮಾರ್ಚ್ 20ಕ್ಕೆ ಮುಗಿಯಿತು. ಕೋರ್ ಅಪ್‌ಡೇಟ್ ಏಪ್ರಿಲ್ 19ರವರೆಗೆ, 45 ದಿನ ಎಳೆಯಿತು. ಆ ದಿನಗಳಲ್ಲಿ ಕನ್ನಡದ ಒಂದು ಅಡುಗೆ ಸೈಟು ಕೈಯಾರೆ ಹಾಳಾಯಿತು. ಹೆಸರು ಬೇಡ; ಇದೇ ತಪ್ಪನ್ನು ಇದೇ ಕ್ರಮದಲ್ಲಿ ಎಷ್ಟೋ ಸೈಟುಗಳು ಮಾಡಿವೆ.

ಮೊದಲ ವಾರ ಗೂಗಲ್‌ನಿಂದ ಬರುವ ಓದುಗರು ಕಡಿಮೆಯಾದರು. ಎರಡನೇ ವಾರ ಇನ್ನಷ್ಟು. ಗಾಬರಿಯಲ್ಲಿ, ಸೈಟನ್ನು ಮೊದಲಿನ ಸ್ಥಾನಕ್ಕೆ ತಂದುಕೊಡುತ್ತೇನೆ ಎಂದವರೊಬ್ಬರಿಗೆ ದುಡ್ಡು ಕೊಟ್ಟರು. ಅವರು ಸೈಟಿನ ಥೀಮ್ (ಹೊರನೋಟದ ವಿನ್ಯಾಸ) ಬದಲಿಸಿದರು, ಕನ್ನಡದಲ್ಲಿದ್ದ ಲಿಂಕ್‌ಗಳನ್ನೆಲ್ಲ, ಅಂದರೆ ಪುಟಗಳ ವಿಳಾಸಗಳನ್ನು, ಇಂಗ್ಲಿಷಿಗೆ ತಂದರು, ಹಳೆಯ ಬರಹ ಅಳಿಸಿದರು, ಹೊರಗಿನಿಂದ ಬ್ಯಾಕ್‌ಲಿಂಕ್ (ಬೇರೆ ಸೈಟುಗಳಿಂದ ಈ ಸೈಟಿಗೆ ಬರುವ ಲಿಂಕ್) ಕೊಂಡು ತಂದರು. ಅಪ್‌ಡೇಟ್ ಮುಗಿಯುವ ಹೊತ್ತಿಗೆ ಕುಸಿತ ಗೂಗಲ್‌ನಿಂದ ಎಷ್ಟು, ತಮ್ಮಿಂದ ಎಷ್ಟು ಎಂದು ಬಿಡಿಸಿ ನೋಡಲು ದಾರಿಯೇ ಉಳಿದಿರಲಿಲ್ಲ.

ಇದರಲ್ಲಿ ಅತಿ ದೊಡ್ಡ ಪೆಟ್ಟು ಲಿಂಕ್ ಬದಲಾವಣೆಯದ್ದು. ಕನ್ನಡ ಲಿಂಕ್ ಇದ್ದರೆ ಗೂಗಲ್‌ಗೆ ಅರ್ಥವಾಗುವುದಿಲ್ಲ ಎಂಬ ಮಾತು ಸುಳ್ಳು. ಆದರೆ ಸೈಟು ಕಟ್ಟಲು ಬಳಸುವ ವರ್ಡ್‌ಪ್ರೆಸ್‌ನಲ್ಲಿ ಒಂದು ತೊಡಕು ನಿಜವಾಗಿಯೂ ಇದೆ. ಅಲ್ಲಿ ಸ್ಲಗ್‌ಗೆ (ಲಿಂಕ್‌ನಲ್ಲಿ ಆ ಬರಹದ ಹೆಸರು ಬರುವ ಭಾಗ) ಇರುವ ಜಾಗ 200 ಅಕ್ಷರ. ಕನ್ನಡದ ಪ್ರತಿ ಸಂಕೇತವೂ ಲಿಂಕ್‌ನಲ್ಲಿ ಶೇಕಡಾ (%) ಚಿಹ್ನೆಗಳಿರುವ ಇಂಗ್ಲಿಷ್ ಅಕ್ಷರ-ಅಂಕಿಗಳಾಗಿ ಬದಲಾಗಿ 9 ಅಕ್ಷರ ತಿನ್ನುತ್ತದೆ. ಗುಣಿತ, ಒತ್ತು, ಅರ್ಧಾಕ್ಷರದ ಚಿಹ್ನೆ ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. 'ಕ್ಷ' ಒಂದಕ್ಕೇ 27. 'ಮಲೆನಾಡಿನ ಕೆಸುವಿನ ಎಲೆ ಪತ್ರೊಡೆ' ಎಂದು ಶೀರ್ಷಿಕೆ ಕೊಟ್ಟರೆ ಸ್ಲಗ್ 'ಪತ್' ಎಂಬಲ್ಲಿಗೆ ತುಂಡಾಗುತ್ತದೆ. ಇದು ಹೊಸ ಬರಹಗಳಿಗೆ ಚಿಕ್ಕ ಸ್ಲಗ್ ಇಡಲು ಕಾರಣ, ಹಳೆಯದನ್ನು ಕಿತ್ತು ಹಾಕಲು ಅಲ್ಲ.

ಒಂದೊಂದೇ ಪೋಸ್ಟ್ ತೆರೆದು ಸ್ಲಗ್ ತಿದ್ದಿದರೆ ವರ್ಡ್‌ಪ್ರೆಸ್ ಹಳೆಯದನ್ನು ನೆನಪಿಟ್ಟುಕೊಂಡು ಓದುಗರನ್ನು ಹೊಸದಕ್ಕೆ ಕಳಿಸುತ್ತದೆ. ಡೇಟಾಬೇಸ್‌ನಲ್ಲಿ ನೇರವಾಗಿ, ಒಟ್ಟಿಗೆ ಬದಲಿಸಿದರೆ ಆ ನೆನಪು ಉಳಿಯುವುದಿಲ್ಲ. ಇಲ್ಲಿ ಆಗಿದ್ದೂ ಅದೇ. ಆಮೇಲೆ ಹಾಕಿದ 301 ರೀಡೈರೆಕ್ಟ್‌ಗಳೂ (ಹಳೆಯ ಲಿಂಕ್‌ಗೆ ಬಂದವರನ್ನು ಶಾಶ್ವತವಾಗಿ ಹೊಸದಕ್ಕೆ ಕಳಿಸುವ ಸೂಚನೆ) ಕೆಲಸ ಮಾಡಲಿಲ್ಲ. ಬ್ರೌಸರ್‌ನಿಂದ ಕಾಪಿ ಮಾಡಿದ ಶೇಕಡಾ ಚಿಹ್ನೆಯ ಲಿಂಕ್‌ಗಳನ್ನೇ ಇಂಥ ಸೂಚನೆ ಬರೆಯುವ ಎಚ್‌ಟಿಆಕ್ಸೆಸ್ (.htaccess) ಫೈಲಿಗೆ ಅಂಟಿಸಿದ್ದರು. ಸೈಟನ್ನು ಓದುಗರಿಗೆ ತಲುಪಿಸುವ ಅಪಾಚಿ ಸರ್ವರ್ ಲಿಂಕನ್ನು ಮೊದಲು ಬಿಡಿಸಿ, ಕನ್ನಡ ಅಕ್ಷರವಾಗಿಸಿಕೊಂಡೇ ಹೋಲಿಸುತ್ತದೆ. ಫೈಲಿನಲ್ಲಿ ಕನ್ನಡವೇ ಇರಬೇಕು, ಫೈಲನ್ನು ಯುಟಿಎಫ್-8 ಎಂಬ ಅಕ್ಷರ ಸಂಕೇತ ಪದ್ಧತಿಯಲ್ಲಿ ಉಳಿಸಬೇಕು. ಕೈಯಲ್ಲಿ ಟೈಪ್ ಮಾಡಲೂ ಹೋಗಬೇಡಿ. ಕಣ್ಣಿಗೆ ಕಾಣದ ಒಂದು ಸಂಕೇತ ಹೆಚ್ಚುಕಡಿಮೆಯಾದರೂ ಹೊಂದಾಣಿಕೆ ತಪ್ಪುತ್ತದೆ.

ಕೊನೆಗೆ ಬೇಸತ್ತು ಹಳೆಯ ಲಿಂಕ್‌ಗಳನ್ನೆಲ್ಲ ಮುಖಪುಟಕ್ಕೆ ತಿರುಗಿಸಿದರು. ಸಂಬಂಧವಿಲ್ಲದ ಪುಟಕ್ಕೆ ಹೀಗೆ ತಿರುಗಿಸಿದರೆ ಗೂಗಲ್ ಅದನ್ನು ಸಾಫ್ಟ್ 404, ಅಂದರೆ ಇಲ್ಲದ ಪುಟ, ಎಂದೇ ಎಣಿಸುತ್ತದೆ. ಪತ್ರೊಡೆಯ ಹಳೆಯ ಲಿಂಕ್ ಪತ್ರೊಡೆಯ ಹೊಸ ಪುಟಕ್ಕೇ ಹೋಗಬೇಕು. ರೀಡೈರೆಕ್ಟ್ ಕನಿಷ್ಠ ಒಂದು ವರ್ಷ ಇರಬೇಕು, ಸಾಧ್ಯವಾದರೆ ತೆಗೆಯಲೇಬೇಡಿ.

ಇನ್ನೊಂದು ಸಣ್ಣ ಟಿಕ್ ಗುರುತು. ಹೊಸ ಥೀಮನ್ನು ಪರೀಕ್ಷಾ ಪ್ರತಿಯಲ್ಲಿ ಕಟ್ಟುವಾಗ ಸೆಟ್ಟಿಂಗ್ಸ್‌ನ ರೀಡಿಂಗ್ ಪುಟದಲ್ಲಿ, ಸರ್ಚ್ ಎಂಜಿನ್‌ಗಳು ಬರದಂತೆ ತಡೆಯುವ ಆಯ್ಕೆಗೆ ಟಿಕ್ ಹಾಕಿದ್ದರು. ಅದು ಸರಿಯೇ. ಅದೇ ಪ್ರತಿಯನ್ನು ಅಸಲಿ ಸೈಟಿಗೆ ತಂದಾಗ ಟಿಕ್ ತೆಗೆಯಲು ಮರೆತರು. ಪ್ರತಿ ಪುಟದಲ್ಲೂ ನೋಇಂಡೆಕ್ಸ್ (ಹುಡುಕಾಟದಲ್ಲಿ ತೋರಿಸಬೇಡಿ ಎಂಬ ಸೂಚನೆ) ಕೂತಿತು, ಪುಟಗಳು ಒಂದೊಂದಾಗಿ ಗೂಗಲ್‌ನಿಂದ ಮಾಯವಾದವು. ಎಲ್ಲರೂ ಅಪ್‌ಡೇಟನ್ನೇ ಬೈಯುತ್ತಿದ್ದರು.

ಕೊಂಡ ಬ್ಯಾಕ್‌ಲಿಂಕ್‌ಗಳ ವಿಷಯಕ್ಕೆ ಹೆಚ್ಚು ಮಾತು ಬೇಡ. ಗೂಗಲ್ ಅವನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ದುಡ್ಡು ದಂಡ, ಗಮನಿಸಿದರೆ ಮ್ಯಾನ್ಯುವಲ್ ಆ್ಯಕ್ಷನ್ (ಗೂಗಲ್ ಸಿಬ್ಬಂದಿಯೇ ಸೈಟನ್ನು ನೋಡಿ ವಿಧಿಸುವ ದಂಡನೆ).

ಓದುಗರು ಇಳಿದರೆ ಮೊದಲು ಗೂಗಲ್ ಸರ್ಚ್ ಸ್ಟೇಟಸ್ ಡ್ಯಾಶ್‌ಬೋರ್ಡ್ ತೆರೆದು ಅಪ್‌ಡೇಟ್ ನಡೆಯುತ್ತಿದೆಯೇ ನೋಡಿ. ನಡೆಯುತ್ತಿದ್ದರೆ ಮುಗಿಯಲಿ, ಮೇಲೆ ಪೂರ್ತಿ ಒಂದು ವಾರ ಕಳೆಯಲಿ. ಆ ಬಳಿಕದ ವಾರವನ್ನು ಅಪ್‌ಡೇಟಿಗೆ ಮೊದಲಿನ ವಾರದೊಂದಿಗೆ ಸರ್ಚ್ ಕನ್ಸೋಲ್‌ನಲ್ಲಿ (ಸೈಟು ಹುಡುಕಾಟದಲ್ಲಿ ಹೇಗಿದೆ ಎಂದು ಮಾಲೀಕರಿಗೆ ತೋರಿಸುವ ಗೂಗಲ್‌ನ ಸಾಧನ) ಹೋಲಿಸಿ. ಸ್ಥಾನ 2ರಿಂದ 4ಕ್ಕೆ ಇಳಿದಿದ್ದರೆ ಸೈಟನ್ನು ಅಲುಗಾಡಿಸಬೇಡಿ. 4ರಿಂದ 29ಕ್ಕೆ ಬಿದ್ದಿದ್ದರೆ ಆ ಪುಟಗಳ ಬರಹವನ್ನೇ ಕೂತು ಪರಿಶೀಲಿಸಿ. ಇಂಪ್ರೆಶನ್ (ಹುಡುಕಾಟದ ಫಲಿತಾಂಶದಲ್ಲಿ ಪುಟ ಕಾಣಿಸಿಕೊಂಡ ಸಲ), ಸ್ಥಾನ ಹಾಗೇ ಇದ್ದು ಕ್ಲಿಕ್ ಮಾತ್ರ ಇಳಿದಿದ್ದರೆ ಫಲಿತಾಂಶದ ಮೇಲ್ಭಾಗಕ್ಕೆ ಎಐ ಓವರ್‌ವ್ಯೂವೋ (ಎಐ ಬರೆದುಕೊಡುವ ಸಾರಾಂಶ) ವಿಡಿಯೊ ಸಾಲೋ ಬಂದಿರಬಹುದು. ಥೀಮ್ ಬದಲಿಸಿದರೆ ಅದು ಹೋಗುವುದಿಲ್ಲ. ಇಂಪ್ರೆಶನ್ ಮಾತ್ರ ಬಿದ್ದು ಕ್ಲಿಕ್ ಹಾಗೇ ಇದ್ದರೆ ದಿನಾಂಕ ನೋಡಿ: 2025ರ ಸೆಪ್ಟೆಂಬರ್‌ನಲ್ಲಿ ಒಂದೇ ಪುಟದಲ್ಲಿ 100 ಫಲಿತಾಂಶ ತೋರಿಸುವ ಸೌಲಭ್ಯವನ್ನು ಗೂಗಲ್ ನಿಲ್ಲಿಸಿದಾಗ ಬಹಳ ಸೈಟುಗಳಿಗೆ ಹೀಗಾಯಿತು. ಓದುಗರು ಎಲ್ಲಿಗೂ ಹೋಗಿರಲಿಲ್ಲ.

ಸರ್ಚ್ ಕನ್ಸೋಲ್‌ನ ಮ್ಯಾನ್ಯುವಲ್ ಆ್ಯಕ್ಷನ್ಸ್ ಪುಟ ಖಾಲಿಯಿದ್ದರೆ ಗೂಗಲ್‌ಗೆ ಮರುಪರಿಶೀಲನೆ ಅರ್ಜಿ ಹಾಕುವ ಅವಕಾಶವೇ ಇಲ್ಲ. ಅರ್ಜಿ ಹಾಕಿಸಿಕೊಡುತ್ತೇವೆ ಎಂದು ದುಡ್ಡು ಕೇಳುವವರನ್ನು ಅಲ್ಲೇ ಬಿಡಿ.

ಈಗಾಗಲೇ ಲಿಂಕ್ ಬದಲಿಸಿಬಿಟ್ಟವರು ಹಳೆಯ ಪಟ್ಟಿಯನ್ನು ಡೇಟಾಬೇಸ್ ಬ್ಯಾಕಪ್‌ನಿಂದಲೇ ತೆಗೆಯಿರಿ. ಸರ್ಚ್ ಕನ್ಸೋಲ್ ಪರದೆಯಿಂದ ಇಳಿಸಿಕೊಂಡರೆ 1000 ಸಾಲು ಮಾತ್ರ ಸಿಗುತ್ತದೆ, ದಾಖಲೆಯೂ 16 ತಿಂಗಳು ಹಿಂದಿನವರೆಗೆ ಮಾತ್ರ. ರೀಡೈರೆಕ್ಟ್ ಹಾಕಿದ ಮೇಲೆ ವಾಟ್ಸ್ಆ್ಯಪ್ ಗುಂಪುಗಳಲ್ಲಿ, ಫೇಸ್‌ಬುಕ್ ಪುಟದಲ್ಲಿ ಹಿಂದೆ ಹಂಚಿದ 20 ಲಿಂಕ್ ಆರಿಸಿ ಮೊಬೈಲ್‌ನಲ್ಲೇ ಒತ್ತಿ ನೋಡಿ. ಪ್ರತಿಯೊಂದೂ ತನ್ನ ಬರಹಕ್ಕೇ ಹೋಗಿ ನಿಲ್ಲಬೇಕು.